ದೋಸೆ ತಣಿದೀತು

ಜೂನ್ ತಿಂಗಳ ಒಂದು ಬೆಳಿಗ್ಗೆ. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಶಾಲೆಗೆ ಕರೆದೊಯ್ಯುವ ಆಟೋ ಅಂಗಳದ ಕೊನೆಯಲ್ಲಿ ನಿಂತಿತ್ತು. ಏಳು ವರ್ಷದ ಮೊಮ್ಮಗ ಜಗಲಿಯ ಮೆಟ್ಟಿಲಲ್ಲಿ ಕುಳಿತಿದ್ದ. "ಚಪ್ಪಲಿ ಹಾಕು ಮಾಣಿ" ಎಂದೆ. (ನಮ್ಮಲ್ಲಿ ಮಾಣಿ ಎಂದರೆ ಹುಡುಗ. ಘಟ್ಟದ ಮೇಲಿನವರು ಹೋಟೆಲಿನ ಮಾಣಿಯನ್ನು ನೆನೆಯಬಾರದು.)

"ನನ್ನ ಕಾಲು ನಿನ್ನೆ ರಾತ್ರಿ ಮರವಾಗಿದೆ ಅಜ್ಜ, ಬೇರು ಬಂದಿದೆ" ಎಂದ. ಮತ್ತೊಮ್ಮೆ ಹೇಳಿದೆ. ಚಪ್ಪಲಿಯೊಳಗೆ ಇರುವೆಗಳ ಮದುವೆ ನಡೆಯುತ್ತಿದೆ, ಊಟದ ಪಂಕ್ತಿ ಏಳುವವರೆಗೆ ಕಾಯಬೇಕು ಎಂದ. ಮೂರನೆಯ ಸಲ ನನ್ನ ಧ್ವನಿ ಏರಿತು. ಅವನು ಬೆಕ್ಕಾಗಿ ನಾಲ್ಕು ಕಾಲಿನಲ್ಲಿ ಮೇಜಿನ ಅಡಿಗೆ ನುಗ್ಗಿದ. ನಾನು ಎಳೆದು ತಂದು, ಕಾಲು ಹಿಡಿದು ಚಪ್ಪಲಿ ತುರುಕಿದೆ. ಅವನು ನನ್ನ ಮುಂಗೈಗೆ ಕಚ್ಚಿದ. ಅವನ ಕಿರುಚಾಟಕ್ಕೆ ಹಟ್ಟಿಯಲ್ಲಿ ದನ ಹಗ್ಗ ಜಗ್ಗಿತು. ನಲವತ್ತು ನಿಮಿಷ ಹಾಗೆಯೇ ಕಳೆದು, ಕೊನೆಗೆ ವಾಂತಿ ಮಾಡಿಕೊಂಡು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋದ. ಆಟೋದವನು ಯಾವಾಗ ತಿರುಗಿಸಿಕೊಂಡು ಹೋದನೋ ಯಾರೂ ನೋಡಲಿಲ್ಲ.

ನಾನು ಮೂವತ್ತೊಂದು ವರ್ಷ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕನ್ನಡ ಕಲಿಸಿದವನು. ಹಿಂದಿನ ಬೆಂಚಿನ ಪಿಸುಮಾತನ್ನು ಒಂದೇ ನೋಟದಲ್ಲಿ ನಿಲ್ಲಿಸುತ್ತಿದ್ದೆ ಎಂಬ ಹೆಗ್ಗಳಿಕೆ ನನಗಿತ್ತು. ಬದಿಯಡ್ಕದಿಂದ ಒಳಗಿರುವ ನಮ್ಮ ತೋಟದ ಮನೆಯಲ್ಲಿ, ಒಂದು ಜೊತೆ ಪ್ಲಾಸ್ಟಿಕ್ ಚಪ್ಪಲಿಯ ಮುಂದೆ, ಅದು ಮುಗಿಯಿತು.

ಅವನಿಗೆ ಆಟಿಸಂ ಇರಬಹುದೆಂದು ನಮಗೆ ಹೊಳೆಯದಿದ್ದುದಕ್ಕೆ ಕಾರಣ ಅವನ ಮಾತು. ಎರಡು ವರ್ಷಕ್ಕೇ ಪೂರ್ಣ ವಾಕ್ಯ ಆಡಿದವನು. ನಾಲ್ಕಕ್ಕೆ ಯಕ್ಷಗಾನದ ಅರ್ಥಧಾರಿಗಳಂತೆ ವಾದ ಹೂಡುತ್ತಿದ್ದ. ಮಾತು ಬಾರದ, ಮುಖ ನೋಡದ ಮಕ್ಕಳಿಗೆ ಮಾತ್ರ ಆ ಹೆಸರು ಎಂದು ನಾವು ತಿಳಿದಿದ್ದೆವು. ಒಂದನೆಯ ತರಗತಿಯ ಅಧ್ಯಾಪಿಕೆ, ಶಾಲೆಯಲ್ಲಿ ಅವನಷ್ಟು ಸಾಧು ಹುಡುಗ ಇನ್ನೊಬ್ಬನಿಲ್ಲ, ಮನೆಯಲ್ಲಿ ಮುದ್ದು ಹೆಚ್ಚಾಗಿದೆ ಎಂದರು. ಇಡೀ ದಿನ ಹಲ್ಲು ಕಚ್ಚಿ ಸಾಧುವಾಗಿದ್ದವನು ಮನೆಯ ಗೇಟು ದಾಟಿದ ಕೂಡಲೇ ಒಡೆದು ಹೋಗುತ್ತಾನೆ ಎಂಬುದನ್ನು ಆಗ ಅವರಿಗೆ ವಿವರಿಸಲು ನಮಗೂ ತಿಳಿದಿರಲಿಲ್ಲ. ನನ್ನ ಹೆಂಡತಿ ಮಧೂರು ಗಣಪತಿಗೆ ಅಪ್ಪದ ಹರಕೆ ಹೊತ್ತಳು. ಜಾತಕ ನೋಡಿಸಿದ್ದಾಯಿತು. ನಮ್ಮ ಸೀಮೆಯಲ್ಲಿ ಮಗು ಸ್ವಲ್ಪ ಬೇರೆಯಾಗಿ ಕಂಡರೆ ಕೇಳುವ ಪ್ರಶ್ನೆಯನ್ನೂ ನೆಂಟರು ಕೇಳಿದರು: ಎಂಡೋಸಲ್ಫಾನ್ ಇರಬಹುದೇ? ಗೇರು ತೋಟಗಳ ಮೇಲೆ ಆ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲೇ ನಿಂತಿತ್ತು, ಇವನು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಆದರೂ ಆ ಹೆದರಿಕೆ ಇಲ್ಲಿಯ ಮಣ್ಣಿನಲ್ಲಿದೆ. ಹಾಗೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ.

ಚಪ್ಪಲಿಯ ದಿನದ ಮರುವಾರ ಸೊಸೆ ಯಾರನ್ನೂ ಕೇಳದೆ ಮಂಗಳೂರಿನ ಒಬ್ಬ ಮನಃಶಾಸ್ತ್ರಜ್ಞೆಯ ಬಳಿ ಸಮಯ ಗೊತ್ತು ಮಾಡಿದಳು. ತಲಪಾಡಿ ದಾಟಿ ಮೂರು ಸಲ ಹೋದೆವು. ಶ್ರವಣ ಪರೀಕ್ಷೆ ಆಯಿತು. ಆಮೇಲೆ ಇಸಾ ಎಂಬ ಮಾಪನ. ಭಾರತದ ಮಕ್ಕಳಿಗೆಂದೇ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ್ದು, ನಲವತ್ತು ಅಂಶಗಳಿವೆ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ. 70ರಿಂದ 106ರ ಒಳಗಿದ್ದರೆ ಸೌಮ್ಯ ಪ್ರಮಾಣ. ನಮ್ಮ ಮಾಣಿಗೆ ತೊಂಬತ್ತರ ಮೇಲೆ ಬಂತು. ಸೌಮ್ಯ! ಶಬ್ದಕೋಶ ಹಿಡಿದು ಬದುಕಿದವನಿಗೂ ಆ ದಿನ ಆ ಪದ ಅರ್ಥವಾಗಲಿಲ್ಲ. ನನ್ನ ಮುಂಗೈಯಲ್ಲಿ ಅವನ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ.

ಕಾರಣ ಏನೆಂದು ಕೇಳಿದೆ. ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎಂದು ಹೇಳಿ ಅವರು ಸುಮ್ಮನೆ ನನ್ನ ಕಡೆ ನೋಡಿದರು. ಬರುವಾಗ ಬಸ್ಸಿನಲ್ಲಿ ಹೆಂಡತಿ, "ನಿಮಗೂ ಯಾರಾದರೂ ಒಂದು ಕೆಲಸ ಹೇಳಿದರೆ ಆ ಕೆಲಸ ಆಗುತ್ತದೆಯೇ? ಮೂವತ್ತೆಂಟು ವರ್ಷದಿಂದ ನೋಡುತ್ತಿದ್ದೇನೆ" ಎಂದಳು. ಉಪ್ಪಳ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಮುಂದಿನ ನಾಲ್ಕು ತಿಂಗಳು ನಮ್ಮ ಮನೆಯ ಅತಿ ಕೆಟ್ಟ ಕಾಲ. ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆವು, ಹೆಸರು ಬೇಡ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ದಿನಚರಿಯ ಚಿತ್ರಪಟ, ಗಟ್ಟಿಯಾದ ಕ್ರಮ ನೆಮ್ಮದಿ ಕೊಡುತ್ತದಂತೆ, ಅದು ಸುಳ್ಳಲ್ಲ. ಅದನ್ನೇ ಇವನಿಗೂ ಹಾಕಿದರು. ಹಲ್ಲುಜ್ಜಿದರೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಆಟಿಕೆ. ಮೊದಲ ವಾರ ನಡೆಯಿತು. ಎರಡನೆಯ ವಾರ ಪಟ್ಟಿಯನ್ನು ಹರಿದ, ಒಂದು ನಕ್ಷತ್ರವನ್ನು ತಿಂದ. ಪಟ್ಟು ಬಿಡಬೇಡಿ, ಬಿಟ್ಟರೆ ಅವನು ಗೆದ್ದಂತೆ ಎಂದರು. ಮನೆಯಲ್ಲಿ ಒಂದೇ ಭಾಷೆ ಆಡಿ ಎಂದೂ ಹೇಳಿದರು. ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಪುಸ್ತಕದ ಕನ್ನಡ, ತೋಟದಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ. ಇಲ್ಲಿ ಒಂದೇ ಭಾಷೆ ಆಡುವುದೆಂದರೆ ಬಾಯಿ ಹೊಲಿದುಕೊಳ್ಳುವುದು. ಹಲವು ಭಾಷೆ ಕೇಳುವುದರಿಂದ ಈ ಮಕ್ಕಳ ಮಾತಿಗೆ ಕೇಡು ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ ಎಂದು ಆಮೇಲೆ ತಿಳಿಯಿತು.

ನಾವು ಪಟ್ಟು ಬಿಡಲಿಲ್ಲ. ಮಾಣಿ ಪೆನ್ಸಿಲ್ ಹಿಡಿಯುವುದನ್ನು ಬಿಟ್ಟ, ಸ್ನಾನ ಬಿಟ್ಟ, ಹಸಿವಾದರೂ ತಟ್ಟೆಯ ಮುಂದೆ ಕೂರುವುದನ್ನು ಬಿಟ್ಟ. ಮೂತ್ರಕ್ಕೆ ಹೋಗುವುದನ್ನೂ ತಡೆದುಕೊಂಡು ಕುಣಿಯುತ್ತಿದ್ದ. ಹೊಟ್ಟೆಯೊಳಗಿನ ಒತ್ತಡವೂ ಅವನಿಗೆ ಯಾರೋ ಕೊಟ್ಟ ಆಜ್ಞೆಯಂತೆ ಇತ್ತು. ಒಂದು ಸಂಜೆ ನಾನು ಕೈ ಎತ್ತಿದೆ, ಎತ್ತಿದ ಕೈ ಬಿತ್ತು. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ. ಅವನು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, "ಎನಗೆ ಎಡಿಯ ಅಜ್ಜ" ಎಂದ.

ಎಡಿಯ. ನಮ್ಮ ಆಡುನುಡಿಯಲ್ಲಿ 'ಒಲ್ಲೆ' ಬೇರೆ, 'ಎಡಿಯ' ಬೇರೆ. ಒಲ್ಲೆ ಎಂದರೆ ಮನಸ್ಸಿಲ್ಲ. ಎಡಿಯ ಎಂದರೆ ಸಾಧ್ಯವಾಗುತ್ತಿಲ್ಲ, ಮೈ ಕೇಳುತ್ತಿಲ್ಲ. ಜ್ವರದಲ್ಲಿ ಮಲಗಿದವನು ಆಡುವ ಮಾತು ಅದು, ಹೊರೆ ಹೊತ್ತು ದಾರಿಯಲ್ಲಿ ಕುಸಿದವನು ಆಡುವ ಮಾತು. ಚಪ್ಪಲಿ ಹಾಕಿಕೊಳ್ಳಲು ಎಡಿಯ ಎಂದು ಹೇಳುವ ಮಗುವನ್ನು ನಾನು ನೋಡಿರಲಿಲ್ಲ. ಅಥವಾ ನೋಡಿದ್ದೆ. ಬಹಳ ಹಿಂದೆ ಒಬ್ಬ ಹುಡುಗ ದಿನವೂ ಶಾಲೆಯ ಅಂಗಳದವರೆಗೆ ಬಂದು, ಗೇರು ಮರದ ಕೆಳಗೆ ನಿಂತು, ಒಳಗೆ ಬರುತ್ತಿರಲಿಲ್ಲ. ಕೇಳಿದರೆ ಬಣ್ಣಬಣ್ಣದ ನೆಪ. ತರಗತಿಯೆಲ್ಲ ನಗುತ್ತಿತ್ತು, ನಾನು ಬೆತ್ತ ತೆಗೆಯುತ್ತಿದ್ದೆ. ಆರನೆಯ ತರಗತಿಗೆ ಅವನು ಶಾಲೆ ಬಿಟ್ಟ.

ಆ ರಾತ್ರಿ ಸೊಸೆ ನನ್ನ ಮುಂದೆ ಮೊಬೈಲ್ ಇಟ್ಟಳು. "ಮಾವ, ಇದನ್ನು ಓದಿ. ನೀವು ಓದಬೇಕೆಂದಿಲ್ಲ, ಇಲ್ಲಿ ಇಟ್ಟಿರುತ್ತೇನೆ" ಎಂದು ಒಳಗೆ ಹೋದಳು. ಹಾಗೆ ಹೇಳಿದ್ದರಿಂದಲೇ ನಾನು ಓದಿದೆ ಎಂಬುದು ಬಹಳ ತಡವಾಗಿ ಗೊತ್ತಾಯಿತು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಎಲಿಜಬೆತ್ ನ್ಯೂಸನ್ ಎಂಬ ಮನಃಶಾಸ್ತ್ರಜ್ಞೆ 1980ರ ದಶಕದಲ್ಲಿ ಇಂಥ ಮಕ್ಕಳನ್ನು ಗಮನಿಸಿದರು. ಆಟಿಸಂ ಇರಬಹುದೆಂದು ಅವರ ಬಳಿ ಬಂದ ಕೆಲವು ಮಕ್ಕಳು ಅದರ ರೂಢಿಯ ಚೌಕಟ್ಟಿಗೆ ಹೊಂದುತ್ತಿರಲಿಲ್ಲ. ಮಾತು ಚುರುಕು, ಕಲ್ಪನೆ ಸಮೃದ್ಧ. ಆದರೆ ದಿನನಿತ್ಯದ ಅತಿ ಸಾಮಾನ್ಯ ಬೇಡಿಕೆಯನ್ನೂ ತಪ್ಪಿಸಿಕೊಳ್ಳಲು ಅವರು ನೆಪ, ತಮಾಷೆ, ಪಾತ್ರಾಭಿನಯ, ಕೊನೆಗೆ ಸ್ಫೋಟ, ಹೀಗೆ ಎಲ್ಲವನ್ನೂ ಬಳಸುತ್ತಿದ್ದರು. ಅದಕ್ಕೆ ನ್ಯೂಸನ್ ಪ್ಯಾಥಲಾಜಿಕಲ್ ಡಿಮಾಂಡ್ ಅವಾಯ್ಡೆನ್ಸ್, ಚುಟುಕಾಗಿ ಪಿಡಿಎ, ಎಂದು ಹೆಸರಿಟ್ಟರು. 2003ರಲ್ಲಿ ಅವರ ಪ್ರಬಂಧ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರೋಗವೆಂದೇ ಸೂಚಿಸುವ ಪ್ಯಾಥಲಾಜಿಕಲ್ ಎಂಬ ಮಾತು ಒಪ್ಪದವರು ತೀವ್ರ ಬೇಡಿಕೆ ನಿರಾಕರಣೆ ಎನ್ನುತ್ತಾರೆ, ಇನ್ನು ಕೆಲವರು ಅದೇ ಮೂರು ಅಕ್ಷರಗಳನ್ನು ಸ್ವಾಯತ್ತತೆಯ ತೀವ್ರ ತುಡಿತ ಎಂಬರ್ಥಕ್ಕೆ ತಿರುಗಿಸಿದ್ದಾರೆ. ನಮ್ಮ ಕಡೆ ಡಿಮಾಂಡ್ ಎಂದರೆ ಅಡಿಕೆಗೆ ಇರುವುದು. ಕನ್ನಡದಲ್ಲಿ ಬೇಡಿಕೆ ಎಂದರೆ ಅದು 'ಬೇಡು'ವಿನಿಂದ ಬಂದದ್ದು, ಮಾಣಿಯ ಉತ್ತರವೋ 'ಬೇಡ'. ಒಂದು ಕೊಂಬು ತೆಗೆದರೆ ಕೇಳುವುದು ನಿರಾಕರಿಸುವುದಾಗುತ್ತದೆ. ಭಾಷೆಗೆ ಇದು ಮೊದಲೇ ಗೊತ್ತಿತ್ತೋ ಏನೋ.

ಮಾಣಿಯದೂ ಇದೇ ಇರಬಹುದು ಎಂಬ ಸೊಸೆಯ ಮಾತನ್ನು ಮಂಗಳೂರಿನ ಮನಃಶಾಸ್ತ್ರಜ್ಞೆ ತಳ್ಳಿ ಹಾಕಲಿಲ್ಲ. 2014ರಲ್ಲಿ ಪ್ರಕಟವಾದ, ಇಪ್ಪತ್ತಾರು ಪ್ರಶ್ನೆಗಳ ಒಂದು ಪಟ್ಟಿಯನ್ನು ತುಂಬಿಸಿದರು. ಇದರಿಂದ ರೋಗನಿರ್ಣಯ ಮಾಡಲಾಗದು, ದಿಕ್ಕು ಕಾಣಿಸುತ್ತದೆ ಅಷ್ಟೆ ಎಂದು ಮೊದಲೇ ಹೇಳಿದರು. ವೈದ್ಯರು ರೋಗನಿರ್ಣಯಕ್ಕೆ ಬಳಸುವ ಡಿಎಸ್‌ಎಂ-5ರಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲಾಗಲಿ ಪಿಡಿಎ ಎಂಬ ಪ್ರತ್ಯೇಕ ಹೆಸರಿಲ್ಲ. ಅದು ಆಟಿಸಂನದೇ ಒಂದು ಬಗೆಯೋ, ಆಟಿಸಂ ಮತ್ತು ಆತಂಕ ಸೇರಿದಾಗ ಕಾಣುವ ನಡವಳಿಕೆಯೋ ಎಂದು ತಜ್ಞರಲ್ಲಿ ಜಗಳ ಮುಗಿದಿಲ್ಲ. "ಹೆಸರು ಬಿಡಿ. ನೀವು ಒಂದು ಮಾತು ಹೇಳಿದಾಗ ಅವನ ಒಳಗೆ ಏನಾಗುತ್ತದೆ ನೋಡಿ. ತೋಟದಲ್ಲಿ ಕಾಲಿನ ಬಳಿ ಹಾವು ಕಂಡರೆ ನಿಮಗೆ ಏನಾಗುತ್ತದೆಯೋ ಅದೇ. ತನ್ನ ಹಿಡಿತ ತಪ್ಪಿತು ಎಂಬ ಗಾಬರಿ. ಅವನು ನಿಮ್ಮನ್ನು ಸೋಲಿಸುತ್ತಿಲ್ಲ ಸರ್, ಹಾವಿನಿಂದ ಓಡುತ್ತಿದ್ದಾನೆ" ಎಂದರು. ಬೇಕಾದದ್ದನ್ನೂ ಬೇಡ ಎನ್ನುತ್ತಾನಲ್ಲ ಎಂದೆ. ಯಕ್ಷಗಾನಕ್ಕೆ ಹೋಗಬೇಕೆಂದು ಒಂದು ವಾರ ಜಪ ಮಾಡಿದವನು, ಆ ಸಂಜೆ "ಹೊರಡು" ಎಂದ ಕೂಡಲೇ ಬಾಗಿಲಲ್ಲಿ ಕಂಬವಾಗಿದ್ದ. ಬೇಕು ಎಂಬುದೂ 'ಹೋಗಬೇಕು' ಆದಾಗ ಹೊರೆಯಾಗುತ್ತದೆ, ಅದು ತನ್ನದೇ ಆಸೆಯಾದರೂ ಸರಿ ಎಂದರು.

ಮನೆಗೆ ಬಂದು ನಾನು ನನಗೆ ತಿಳಿದ ಕೆಲಸ ಮಾಡಿದೆ. ಒಂದು ಬೆಳಿಗ್ಗೆ ಕೆಂಪು ಶಾಯಿಯ ಪೆನ್ನು, ಹಳೆಯ ನೋಟ್ ಪುಸ್ತಕ ಹಿಡಿದು ಜಗಲಿಯಲ್ಲಿ ಕುಳಿತೆ. ಮಾಣಿ ಏಳುವುದರಿಂದ ಆಟೋ ಬರುವವರೆಗೆ ಮನೆಯವರು ಅವನಿಗೆ ಹೇಳಿದ ಕ್ರಿಯಾಪದಗಳನ್ನು ಬರೆದುಕೊಂಡೆ. ಏಳು. ಮಡಚು. ಉಜ್ಜು. ಉಗುಳು. ಬಾ. ಕೂರು. ತಿನ್ನು. ಬೇಗ ತಿನ್ನು. ಚೆಲ್ಲಬೇಡ. ಒರಸು. ನೋಡು ಇಲ್ಲಿ. ಹಾಕು. ಎರಡು ಗಂಟೆಯಲ್ಲಿ ಅರುವತ್ತೆರಡು. ಅದರಲ್ಲಿ ಇಪ್ಪತ್ತೊಂಬತ್ತು ನನ್ನವೇ, ಬರೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದೂ.

ಕ್ರಿಯಾಪದಕ್ಕೆ ಮೂರು ಅರ್ಥರೂಪಗಳಿವೆ ಎಂದು ಸಾವಿರಾರು ಮಕ್ಕಳಿಗೆ ಕಲಿಸಿದ್ದೆ. ವಿಧ್ಯರ್ಥಕ: ಹಾಕು, ತಿನ್ನು, ಹೋಗಲಿ. ನಿಷೇಧಾರ್ಥಕ: ಹಾಕೆ, ತಿನ್ನೆ, ಹೋಗೆ. ಸಂಭಾವನಾರ್ಥಕ: ಹಾಕಿಯಾನು, ತಿಂದಾನು, ಹೋದಾನು. ನಾವೆಲ್ಲ ಮೊದಲನೆಯದರಲ್ಲಿ ಬದುಕುತ್ತಿದ್ದೆವು, ಮಾಣಿ ಎರಡನೆಯದರಲ್ಲಿ. ಮೂರನೆಯದು ಪರೀಕ್ಷೆಗೆ ಎರಡು ಅಂಕಕ್ಕೆ ಬರುವುದನ್ನು ಬಿಟ್ಟರೆ ಯಾರ ಬಾಯಲ್ಲೂ ಇರಲಿಲ್ಲ. ವಿಧ್ಯರ್ಥಕದಲ್ಲಿ ಆಜ್ಞೆ ಮಾತ್ರವಲ್ಲ, ಆಶೀರ್ವಾದವೂ ಹಾರೈಕೆಯೂ ಸೇರುತ್ತವೆ ಎಂದು ವ್ಯಾಕರಣ ಹೇಳುತ್ತದೆ. "ಶಾಭಾಸ್, ದಿನವೂ ಹೀಗೆಯೇ ಮಾಡು" ಎಂದಾಗ ಮಾಣಿ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿಗೆ ಬಿಡುತ್ತಿದ್ದ. ಹೊಗಳಿಕೆಯೂ ನಾಳೆಗೆ ಹೊರಿಸಿದ ಆಜ್ಞೆ ಎಂಬುದು ನನಗಿಂತ ಮೊದಲು ಅವನಿಗೆ ತಿಳಿದಿತ್ತು.

ಮರುದಿನ ಅವನ ಮುಂದೆ ಹೋಗಲಿಲ್ಲ. ಅಡುಗೆ ಮನೆಯ ಕಿಟಕಿಯ ಕಡೆ ಮುಖ ಮಾಡಿ, "ದೋಸೆ ತಣಿದೀತು" ಎಂದೆ. ಹೆಂಡತಿ ನನಗೆ ಏನಾಯಿತೋ ಎಂದು ನೋಡಿದಳು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಮೇಜಿನ ಅಡಿಯಿಂದ ಒಂದು ಕೈ ಬಂದು ದೋಸೆಯನ್ನು ಎಳೆದುಕೊಂಡಿತು.

ಇದನ್ನು ನಾನೇ ಕಂಡುಹಿಡಿದೆ ಎಂದು ಎರಡು ದಿನ ಬೀಗಿದೆ. ಆದರೆ ಅಡಿಕೆ ಸುಲಿಯಲು ಬರುವ ಅಕ್ಕ ಇದನ್ನು ಮೊದಲಿನಿಂದಲೂ ಮಾಡುತ್ತಿದ್ದಳು. ಅವಳಿಗೆ ಅಕ್ಷರ ಬಾರದು, ತುಳು ಬಿಟ್ಟು ಬೇರೆ ಮಾತಿಲ್ಲ. ಮಾಣಿ ಅವಳ ಹತ್ತಿರ ಯಾವತ್ತೂ ರಂಪ ಮಾಡಿದ್ದಿಲ್ಲ. ಗಮನಿಸಿದೆ: ಅವಳು ಅವನಿಗೆ ಏನನ್ನೂ ಹೇಳುವುದೇ ಇಲ್ಲ. ಅಡಿಕೆಯ ಹತ್ತಿರ ಮಾತಾಡುತ್ತಾಳೆ. "ಈ ಹುಡುಗನ ಚಪ್ಪಲಿ ಎಲ್ಲಿ ಹೋಯಿತೋ, ನಾಯಿ ಕೊಂಡು ಹೋಯಿತೋ ಏನೋ ಮಾರಾಯಾ" ಎಂದು ಗೋಣಿಚೀಲಕ್ಕೆ ಹೇಳುತ್ತಾಳೆ. ಇವನು ಓಡಿ ಹೋಗಿ ಚಪ್ಪಲಿ ತಂದು, ಹಾಕಿಕೊಂಡು, ನಾಯಿ ಕೊಂಡು ಹೋಗಿಲ್ಲ ಎಂದು ತೋರಿಸುತ್ತಾನೆ. ಅವಳು ತಲೆ ಎತ್ತಿಯೂ ನೋಡುವುದಿಲ್ಲ.

ಮಾತು ಬದಲಾದರೆ ಸಾಲದು, ಕೇಳುವ ವಿಷಯಗಳೇ ಕಡಿಮೆಯಾಗಬೇಕು ಎಂದು ಮನಃಶಾಸ್ತ್ರಜ್ಞೆ ಹೇಳಿದ್ದರು. ಯಾವುದನ್ನು ಬಿಡಬಹುದೆಂದು ಮನೆಯವರೆಲ್ಲ ಕುಳಿತೆವು. ತಲೆ ಬಾಚುವುದು ಹೋಯಿತು. ದಿನದ ಸ್ನಾನ ಹೋಯಿತು, ಅದು ನಮ್ಮಂಥ ಮನೆಯಲ್ಲಿ ಸಣ್ಣ ವಿಷಯವಲ್ಲ. ಉಪನಯನ, ಪೂಜೆಗಳಲ್ಲಿ ಕಂಡ ಹಿರಿಯರಿಗೆಲ್ಲ ಅಡ್ಡಬೀಳುವುದು ಹೋಯಿತು. ಪಂಕ್ತಿಯಲ್ಲಿ ಕೂರುವುದೂ. ಮಗನಿಗೂ ನನಗೂ ಇಲ್ಲಿ ಜೋರು ಮಾತಾಯಿತು, ಅವನು ಬ್ಯಾಂಕಿನವನು, ಬಿಟ್ಟದ್ದೆಲ್ಲ ವಸೂಲಾಗದ ಸಾಲದಂತೆ ಕಂಡಿತು. ಮೂರನ್ನು ಬಿಡಲಿಲ್ಲ: ಕೆರೆಯ ಬದಿಗೆ ಒಬ್ಬನೇ ಹೋಗುವಂತಿಲ್ಲ, ಅಡಿಕೆಗೆ ಮದ್ದು ಬಿಡುವ ದಿನ ಮೈಲುತುತ್ತಿನ ಡ್ರಮ್ಮಿನ ಹತ್ತಿರ ಇಲ್ಲ, ಆಟೋದಲ್ಲಿ ಹೊರಗೆ ತಲೆ ಹಾಕುವಂತಿಲ್ಲ. ಅರುವತ್ತೆರಡರ ಬದಲು ಮೂರು. ಆ ಮೂರಕ್ಕೆ ಅವನು ಇದುವರೆಗೆ ತಕರಾರು ಮಾಡಿಲ್ಲ. ನೆಂಟರು ಮಾತ್ರ, ಮಾಸ್ತರರ ಬೆತ್ತಕ್ಕೆ ಗೆದ್ದಲು ಹಿಡಿದಿದೆ ಎಂದರು.

ಶಾಲೆಯಲ್ಲಿ ಅದೃಷ್ಟ ನಮ್ಮ ಕಡೆ ಇತ್ತು. ಎರಡನೆಯ ತರಗತಿಯ ಅಧ್ಯಾಪಕ ಒಮ್ಮೆ ನನ್ನ ವಿದ್ಯಾರ್ಥಿ. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸುವುದರ ಬದಲು, ಮಧ್ಯಾಹ್ನದೂಟದ ಅಡುಗೆ ಕೋಣೆಯ ಕಡೆಯಿಂದ ತನಗೆ ಬೇಕಾದ ಹೊತ್ತಿಗೆ ಒಳಗೆ ಬರಲು ಬಿಟ್ಟ. ಮನೆಗೆಲಸ ನಿಲ್ಲಿಸಿದ. ಇನ್ನೂ ದೊಡ್ಡ ಉಪಕಾರ ಮಾಡಿದವರು ಇಂಥ ಮಕ್ಕಳಿಗೆಂದೇ ವಾರಕ್ಕೊಮ್ಮೆ ಬರುವ ಸಂಪನ್ಮೂಲ ಶಿಕ್ಷಕಿ. ದಕ್ಷಿಣದ ಕಡೆಯ ಮಲಯಾಳಿ, ಕನ್ನಡ ಅರೆಬರೆ. ಕನ್ನಡ ಬಾರದವರನ್ನು ಕನ್ನಡ ಮಕ್ಕಳಿಗೆ ಕಳಿಸುತ್ತಾರೆ ಎಂದು ನಾನು ಮೊದಲು ಸಿಡಿಮಿಡಿಗೊಂಡೆ, ಗಡಿನಾಡಿನವನಿಗೆ ಆ ಸಿಟ್ಟು ಬಾಯಿಪಾಠ. ಆದರೆ ಅವರಿಗೆ ಆಜ್ಞೆ ಮಾಡಲು ಬೇಕಾದಷ್ಟು ಕನ್ನಡವೇ ಇರಲಿಲ್ಲ. "ಇದಕ್ಕೆ ಕನ್ನಡದಲ್ಲಿ ಏನು?" ಎಂದು ಕೇಳುತ್ತಿದ್ದರು, ಹೇಳಿದ್ದನ್ನು ತಪ್ಪಾಗಿ ಬರೆಯುತ್ತಿದ್ದರು. ಮಾಣಿ ಪೆನ್ಸಿಲ್ ಕಿತ್ತುಕೊಂಡು ತಿದ್ದಿದ. ನಾಲ್ಕು ತಿಂಗಳ ಮೇಲೆ ಅವನು ಬರೆದ ಮೊದಲ ಅಕ್ಷರ ಅವರ ನೋಟ್ ಪುಸ್ತಕದಲ್ಲಿದೆ.

ಅಂಗವೈಕಲ್ಯದ ಪ್ರಮಾಣಪತ್ರದ ಕಥೆ ಉದ್ದ, ಚಿಕ್ಕದಾಗಿ ಹೇಳುತ್ತೇನೆ. 2016ರ ಕಾಯಿದೆಯ ಇಪ್ಪತ್ತೊಂದು ವಿಧಗಳಲ್ಲಿ ಆಟಿಸಂ ಇದೆ. ನಾವು ಕೇರಳದ ನಿವಾಸಿಗಳಾದ್ದರಿಂದ ಮಂಗಳೂರಿನ ಕಾಗದ ಸಾಲದು, ಇಲ್ಲಿಯ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅರ್ಜಿ ಮಲಯಾಳದಲ್ಲಿತ್ತು. ಸೊಸೆ ತುಂಬಿದಳು. ಅಲ್ಲಿ ಒಬ್ಬರು "ಇವನು ಚೆನ್ನಾಗಿ ಮಾತಾಡುತ್ತಾನಲ್ಲ" ಎಂದರು. ಮಾಣಿ ಮೇಜಿನ ಅಡಿಯಿಂದ ಮ್ಯಾಂವ್ ಎಂದ. ಪತ್ರ ಸಿಕ್ಕಿತು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಸಂಭಾವನಾರ್ಥಕ ನಡೆದದ್ದು ಸುಮಾರು ಎರಡು ತಿಂಗಳು. ಒಂದು ಬೆಳಿಗ್ಗೆ ನಾನು ಬಚ್ಚಲ ಕಡೆ ನೋಡುತ್ತ, "ಹಂಡೆಯ ನೀರು ಆರೀತು" ಎಂದೆ. ಮಾಣಿ ಜಗಲಿಯಲ್ಲಿ ತೆಂಗಿನ ಗರಿಯಿಂದ ಕಿರೀಟ ಮಾಡುತ್ತಿದ್ದ. ತಲೆ ಎತ್ತದೆ, "ಅಜ್ಜ, ನೀನು ನೀರಿಗೆ ಹೇಳುತ್ತಿಲ್ಲ. ನನಗೆ ಹೇಳುತ್ತಿದ್ದೀಯ" ಎಂದ.

ಸಿಕ್ಕಿಬಿದ್ದೆ. ರೂಪ ಬದಲಾಗಿತ್ತು, ಅರ್ಥ ಬದಲಾಗಿರಲಿಲ್ಲ. ಅವನು ಮಿಂದೇ ಮೀಯಬೇಕು ಎಂಬ ಹಟ ನನ್ನೊಳಗೆ ಹಾಗೆಯೇ ಕುಳಿತಿತ್ತು, ವೇಷ ಮಾತ್ರ ಕಟ್ಟಿತ್ತು. ಅಕ್ಕ ಗೋಣಿಚೀಲಕ್ಕೆ ಹೇಳುವಾಗ ಚಪ್ಪಲಿ ಬರದಿದ್ದರೂ ಅವಳಿಗೆ ಏನೂ ಆಗುತ್ತಿರಲಿಲ್ಲ.

"ಹೌದು, ನಿನಗೇ ಹೇಳಿದ್ದು" ಎಂದು ಒಪ್ಪಿಕೊಂಡೆ. ಅವನ ಪಕ್ಕದಲ್ಲಿ ಕುಳಿತು ಒಂದು ಗರಿ ತೆಗೆದುಕೊಂಡೆ. ಕಿರೀಟ ನನಗೆ ಸರಿಯಾಗಿ ಬರಲಿಲ್ಲ. ಅವನು ತೋರಿಸಿಕೊಟ್ಟ. ಒಳಗಿನಿಂದ ಹೆಂಡತಿ, ಗಂಟೆ ಹತ್ತಾಯಿತು, ದೇವರ ಪೂಜೆಗೆ ಸ್ನಾನವಾಗಿಲ್ಲವೇ ಎಂದು ಕೂಗಿದಳು.

"ಅಜ್ಜ, ನಿನ್ನನ್ನು ಕರೆಯುತ್ತಿದ್ದಾರೆ" ಎಂದ ಮಾಣಿ.

"ಎನಗಿಂದು ಎಡಿಯ" ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ, "ಅಜ್ಜಿ, ಅಜ್ಜನಿಗೆ ಒತ್ತಾಯ ಮಾಡಬೇಡಿ" ಎಂದು ಹೇಳಿ ಬಂದ. ಆ ದಿನ ಪೂಜೆ ಮಗ ಮಾಡಿದ. ನಾವಿಬ್ಬರೂ ಸಂಜೆಯವರೆಗೆ ಮೀಯಲಿಲ್ಲ.